ಓದುಗರ ಪ್ರಶ್ನೆ: ಬಂಡಾಜೆ ನೆತ್ತಿ, ಬಂಡೆ ಮೇಲಿನ ಸುಣ್ಣದ ಗುರುತು, ಇಂಬಳದ ಕಾಟ

ಗುಂಪಲ್ಲಿ ಗೈಡ್ ಜತೆ ಜಲಪಾತ ನೋಡೋಕೆ ಹೊರಟಿರೋರು ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ತಿಂಗಳು ಕೇಳಿದ್ದೆ, ಇಷ್ಟೊಂದು ಬರತ್ತೆ ಅಂದ್ಕೊಂಡಿರ್ಲಿಲ್ಲ. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಬರ್ದಿದೀನಿ. ಇಪ್ಪತ್ತು ವರ್ಷದಿಂದ ಘಟ್ಟದಲ್ಲಿ ಗುಂಪು ಕರ್ಕೊಂಡು ಓಡಾಡಿದ ಅನುಭವದಲ್ಲಿ ಹೇಳ್ತಿರೋದು, ಗೊತ್ತಿರೋದನ್ನಷ್ಟೇ ಹೇಳ್ತೀನಿ.

ಪ್ರಶ್ನೆ: ನಾವು ಆಫೀಸಿನ ಆರು ಜನ ಮೊದಲನೇ ಸಲ ಮಳೆಗಾಲದ ಜಲಪಾತ ಟ್ರೆಕ್‌ಗೆ ಹೋಗ್ತಿದೀವಿ. ಇನ್‌ಸ್ಟಾದಲ್ಲಿ ಹತ್ತಾರು ಗುಂಪುಗಳು ಸಿಗ್ತವೆ, ರೇಟು 2,500ರಿಂದ 4,500 ತನಕ ಇದೆ. ಒಳ್ಳೆ ಗುಂಪು ಅಂತ ತಿಳ್ಕೊಳ್ಳೋದು ಹೇಗೆ? (ಬೆಂಗಳೂರಿಂದ ಒಬ್ಬ ಓದುಗರು)

ರೇಟು ಬಿಡಿ, ಫೋನ್ ಮಾಡಿ ಒಂದು ಮಾತು ಕೇಳಿ. "ಹೋದ ವರ್ಷ ಎಷ್ಟು ಸಲ ಅರ್ಧ ದಾರಿಯಿಂದ ವಾಪಸ್ ಬಂದ್ರಿ?" ಅಂತ. "ನಮ್ದು ಒಂದೂ ಕ್ಯಾನ್ಸಲ್ ಆಗಿಲ್ಲ ಸರ್, ಎಲ್ಲಾ ಸಕ್ಸಸ್" ಅಂದ್ರೆ ಆ ಗುಂಪು ಬೇಡ. ಜುಲೈ ಆಗಸ್ಟಲ್ಲಿ ಘಟ್ಟದ ಮೇಲೆ ವಾರ ವಾರ ಜನ ಕರ್ಕೊಂಡು ಹೋಗೋರು ಒಂದ್ಸಲನೂ ವಾಪಸ್ ಬಂದಿಲ್ಲ ಅಂದ್ರೆ, ವಾಪಸ್ ಬರಬೇಕಾದ ದಿನವೂ ಮುಂದೆ ಹೋಗಿದಾರೆ ಅಂತ ಅರ್ಥ.

ಇದು ನನಗೆ ಅರ್ಥ ಆಗಿದ್ದು ಹೇಗೆ ಅಂತ ಹೇಳ್ತೀನಿ. ನಾನಿನ್ನೂ ಹೊಸಬ, ಹದಿನಾಲ್ಕು ಜನರ ಗುಂಪು, ಪುಷ್ಯ ಮಳೆ ಹಿಡಿದಿತ್ತು. ನಮ್ಮ ಜತೆ ಆ ಊರಿನವರೇ ಒಬ್ಬ ವಯಸ್ಸಾದವರು ದಾರಿ ತೋರಿಸೋಕೆ ಬಂದಿದ್ರು, ಕಂಬಳಿ ಕೊಪ್ಪೆ ಹಾಕ್ಕೊಂಡು, ಬಾಯ್ತುಂಬ ಎಲೆ ಅಡಿಕೆ. ಒಂದು ಹಳ್ಳ ದಾಟಿ ಆಚೆ ಹೋದ್ರೆ ಅರ್ಧ ಗಂಟೆಯಲ್ಲಿ ಜಲಪಾತದ ಬುಡ. ಹಳ್ಳದಲ್ಲಿ ಮೊಣಕಾಲಿಗಿಂತ ಕಮ್ಮಿ ನೀರಿತ್ತು, ನಾವಿದ್ದ ಕಡೆ ಮಳೆನೂ ನಿಂತಿತ್ತು. ಅವರು ದಾಟೋಕೆ ಬಿಡದೆ ಕೂತ್ಕೊಂಡ್ರು, ಡಬ್ಬಿಯಿಂದ ಬೆರಳಲ್ಲಿ ಸುಣ್ಣ ತೆಗೆದು ನೀರಿನ ಅಂಚಿಗೆ ಸರಿಯಾಗಿ ಬಂಡೆ ಮೇಲೆ ಒಂದು ಗೆರೆ ಎಳೆದ್ರು, ಆಮೇಲೆ ಇನ್ನೊಂದು ಎಲೆ ಮಡಚಿ ಬಾಯಿಗೆ ಹಾಕ್ಕೊಂಡು ಸುಮ್ನೆ ನೋಡ್ತಾ ಕೂತ್ರು. ನಮ್ಮ ಹುಡುಗರಿಗೆ ಸಿಟ್ಟು, ಇಷ್ಟು ದೂರ ಬಂದು ಇಲ್ಲಿ ಕೂರೋದಾ ಅಂತ. ಆ ಎಲೆ ಜಗಿದು ಮುಗಿಯೋದ್ರೊಳಗೆ ಸುಣ್ಣದ ಗೆರೆ ನೀರೊಳಗೆ ಹೋಗಿತ್ತು. "ಮೇಲೆ ಮಳೆ ಹೊಡೀತಾ ಉಂಟು ಮಾರಾಯ್ರೆ, ನಡೀರಿ ಹಿಂದೆ" ಅಂದ್ರು ಅಷ್ಟೇ. ನಾವು ಗುಡ್ಡ ಹತ್ತಿ ತಿರುಗಿ ನೋಡಿದಾಗ ಹಳ್ಳ ಕೆಂಪಗಾಗಿತ್ತು, ನಡುವಿನ ಬಂಡೆಗಳು ಒಂದೂ ಕಾಣ್ತಿರ್ಲಿಲ್ಲ. ಆವತ್ತು ದಾಟಿದ್ರೆ ಆಚೆ ದಡದಲ್ಲೇ ರಾತ್ರಿ ಕಳೀಬೇಕಿತ್ತು, ಅದೂ ನಮ್ಮ ಅದೃಷ್ಟ ಚೆನ್ನಾಗಿದ್ದಿದ್ರೆ.

ಅವತ್ತಿಂದ ನನ್ನ ಬ್ಯಾಗಲ್ಲಿ ಒಂದು ಸುಣ್ಣದ ಡಬ್ಬಿ ಇದ್ದೇ ಇರತ್ತೆ, ನಾನು ಎಲೆ ಅಡಿಕೆ ಹಾಕಲ್ಲ ಆದ್ರೂ.

ಹಾಗಾಗಿ ಕೇಳಬೇಕಾದ್ದು ಇಷ್ಟು. ಆ ಕಾಡಿನ ಪಕ್ಕದ ಊರಿನವರು ಯಾರಾದ್ರೂ ಜತೆಗೆ ಬರ್ತಾರಾ, ಅವರು ಬೇಡ ಅಂದ್ರೆ ಬೆಂಗಳೂರಿಂದ ಬರೋ ಲೀಡರ್ ಕೇಳ್ತಾನಾ? ಎಷ್ಟು ಜನಕ್ಕೆ ಒಬ್ಬ ಲೀಡರ್? ಹತ್ತು ಜನಕ್ಕೆ ಒಬ್ಬ ಇದ್ರೆ ಸರಿ, ಎಲ್ಲರಿಗಿಂತ ಹಿಂದೆ ನಡೆಯೋಕೆ ಅಂತಲೇ ಒಬ್ಬ ಬೇರೆ ಇರಬೇಕು. ನಲವತ್ತು ಜನರ ಒಂದು ಬಸ್ಸಿಗೆ ಇಬ್ಬರು ಹುಡುಗರು ಅಂದ್ರೆ ಅದು ಕಾಡಿಗೆ ಕರ್ಕೊಂಡು ಹೋಗಿ ಬಿಡೋದು ಅಷ್ಟೇ, ಗೈಡ್ ಮಾಡೋದಲ್ಲ. ಪರ್ಮಿಶನ್ ಯಾರ ಹೆಸರಲ್ಲಿ ಇದೆ ಅಂತ ಕೇಳಿ. 2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಜನ ಕಿಕ್ಕಿರಿದು ನಿಂತ ವಿಡಿಯೋ ನೀವೆಲ್ಲ ನೋಡಿರ್ತೀರಿ, ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನ ನಿಲ್ಲಿಸಿ, ಆ ವರ್ಷ ಅಕ್ಟೋಬರಲ್ಲಿ ಅರಣ್ಯ ಇಲಾಖೆಯವರು ಅರಣ್ಯ ವಿಹಾರ ಅನ್ನೋ ವೆಬ್‌ಸೈಟ್ ಶುರು ಮಾಡಿದ್ರು, ಒಂದು ಹಾದಿಗೆ ದಿನಕ್ಕೆ 300 ಜನಕ್ಕಿಂತ ಜಾಸ್ತಿ ಬಿಡಲ್ಲ ಅಂತ ಮಾಡಿದ್ರು. ನಿಮ್ಮ ಹೆಸರಿನ ಟಿಕೆಟ್ ನಿಮ್ಮ ಮೊಬೈಲಿಗೆ ಬರಲಿ, "ಅಲ್ಲಿ ಗೇಟಲ್ಲಿ ನೋಡ್ಕೊಳ್ಳೋಣ" ಅನ್ನೋದಕ್ಕೆ ಒಪ್ಪಬೇಡಿ.

ಇನ್ನೊಂದು, ಇದನ್ನ ಯಾರೂ ಕೇಳಲ್ಲ, ಡ್ರೈವರ್ ಎಷ್ಟು ಜನ? ಶುಕ್ರವಾರ ರಾತ್ರಿ ಹತ್ತಕ್ಕೆ ಬೆಂಗಳೂರು ಬಿಟ್ಟು ಶನಿವಾರ ಬೆಳಿಗ್ಗೆ ಇಳಿದ ತಕ್ಷಣ ಬೆಟ್ಟ ಹತ್ತಿಸ್ತಾರೆ, ಭಾನುವಾರ ರಾತ್ರಿ ಮತ್ತೆ ಅದೇ ಘಾಟಿ ದಾರಿಯಲ್ಲಿ ವಾಪಸ್ ಬರೋದು, ಎರಡು ರಾತ್ರಿನೂ ಅದೇ ಡ್ರೈವರ್. ನಿದ್ದೆಗೆಟ್ಟ ಡ್ರೈವರು, ನಿದ್ದೆಗೆಟ್ಟ ನೀವು. ಕಾಲು ಜಾರೋದರಲ್ಲಿ ಅರ್ಧ ನಿದ್ದೆ ಇಲ್ಲದೆ ಜಾರೋದು.

ಪ್ರಶ್ನೆ: ಬಂಡಾಜೆ ಜಲಪಾತಕ್ಕೆ ಅಂತ ಗುಂಪಲ್ಲಿ ಹೋಗಿದ್ವಿ. ಆರು ಗಂಟೆ ನಡೆದ್ರೂ ಫೋಟೋದಲ್ಲಿರೋ ತರ ಜಲಪಾತ ಕಾಣಲೇ ಇಲ್ಲ, ನೀರು ಅಂಚಿನಿಂದ ಕೆಳಗೆ ಹೋಗೋದು ಮಾತ್ರ ಕಾಣ್ತು. ಗೈಡ್ ಹತ್ರ ಹೋಗೋಕೂ ಬಿಡ್ಲಿಲ್ಲ. ನಮಗೆ ಮೋಸ ಆಯ್ತಾ? (ಹಾಸನದಿಂದ)

ಮೋಸ ಅಂತ ಹೇಳೋಕಾಗಲ್ಲ, ಆದ್ರೆ ಮೊದಲೇ ಹೇಳಬೇಕಿತ್ತು ಅವರು. ನೀವು ಮೂಡಿಗೆರೆ ಕಡೆಯಿಂದ, ಅಂದ್ರೆ ಸುಂಕಸಾಲೆ, ರಾಣಿ ಝರಿ, ಬಲ್ಲಾಳರಾಯನ ದುರ್ಗ ಈ ದಾರಿಯಲ್ಲಿ ಹೋಗಿದೀರಿ. ಆ ಹಾದಿ ಹೋಗಿ ಮುಟ್ಟೋದು ಜಲಪಾತದ ನೆತ್ತಿಗೆ. ನೀರು ಬೀಳೋದು ಆಚೆ, ಬೆಳ್ತಂಗಡಿ ಕಡೆಗೆ, ಸುಮಾರು 200 ಅಡಿ. ಅಂಚಲ್ಲಿ ನಿಂತೋರಿಗೆ ಜಲಪಾತದ ಮುಖ ಹೇಗೆ ಕಾಣತ್ತೆ ಹೇಳಿ. ಫೋಟೋದಲ್ಲಿರೋ ನೋಟ ಕೆಳಗಿನ ಹಳ್ಳಿಗಳ ಕಡೆಯಿಂದ, ಮಳೆಗಾಲದಲ್ಲಿ ಮೋಡ ಸರಿದಾಗ ಗುಡ್ಡದ ಮೈಮೇಲೆ ಬಿಳಿ ಗೆರೆ ಎಳೆದಂಗೆ ದೂರಕ್ಕೆ ಕಾಣತ್ತೆ. ಅಲ್ಲಿಯವರು ಅರ್ಬಿ ಅಂತಾರೆ, ತುಳುವಲ್ಲಿ ಅರ್ಬಿ ಅಂದ್ರೆನೇ ಜಲಪಾತ. ಮಲೆನಾಡಲ್ಲಿ ಅಬ್ಬಿ ಅಂತೀವಲ್ಲ ಹಾಗೆ. ಬೋರ್ಡಲ್ಲಿ "ಅಬ್ಬಿ ಫಾಲ್ಸ್" ಅಂತ ಬರೆದಿರೋದು ನೋಡಿದಾಗೆಲ್ಲ ನಂಗೆ ಅನ್ಸೋದು, ಅಬ್ಬಿ ಅಂದಮೇಲೆ ಫಾಲ್ಸ್ ಯಾಕೆ, ಆ ಮಾತೊಂದೇ ಸಾಕಲ್ಲ.

ಹತ್ರ ಬಿಡದ ಗೈಡ್‌ಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ. ಜಲಪಾತದ ನೆತ್ತಿ ಅಂದ್ರೆ ಎಲ್ಲಕ್ಕಿಂತ ಅಪಾಯದ ಜಾಗ, ಅಲ್ಲಿ ನೀರು ಪಾದ ಮುಳುಗುವಷ್ಟೇ ಇರತ್ತೆ, ನೋಡೋಕೆ ಏನೂ ಅನ್ಸಲ್ಲ, ಆದ್ರೆ ಕಲ್ಲಿನ ಮೇಲೆ ಪಾಚಿ, ಇಳಿಜಾರು, ಜಾರಿದ್ರೆ ಹಿಡ್ಕೊಳ್ಳೋಕೆ ಹುಲ್ಲುಕಡ್ಡಿನೂ ಇಲ್ಲ. ನನ್ನ ಗುಂಪಲ್ಲಿ ಅಂಚಿಂದ ಇಪ್ಪತ್ತು ಅಡಿ ಹಿಂದೆ ಒಂದು ಹಗ್ಗ ಹಾಸ್ತೀನಿ, ಅದನ್ನ ದಾಟಿದೋರ ಜತೆ ಮುಂದಿನ ಸಲ ಟ್ರೆಕ್ ಇಲ್ಲ.

ಆ ದಾರಿ ಇಷ್ಟ ಆಗ್ಲಿಲ್ವಾ ನಿಮಗೆ? ದುರ್ಗದ ಹಾಳು ಕೋಟೆಯ ಕಲ್ಲು, ಸೊಂಟದೆತ್ತರ ಹುಲ್ಲು, ಐದು ನಿಮಿಷ ಮೋಡದೊಳಗೆ ಐದು ನಿಮಿಷ ಬಿಸಿಲಲ್ಲಿ, ಗುಡ್ಡದ ಮಡಿಲಿನ ಶೋಲೆ ಕಾಡಿನೊಳಗೆ ಇಳಿದ ತಕ್ಷಣ ಕತ್ತಲು. ಜಲಪಾತದ ಮುಖನೇ ನೋಡ್ಬೇಕು ಅಂತಿದ್ರೆ ಹೊರಡೋಕೆ ಮುಂಚೆ "ನಾವು ಹೋಗೋದು ಬುಡಕ್ಕಾ, ನೆತ್ತಿಗಾ, ಎದುರಿಗಾ?" ಅಂತ ಕೇಳಿ. ಉಂಚಳ್ಳಿ, ಮಾಗೋಡು ಇವೆಲ್ಲ ಎದುರಿಂದ ನೋಡೋವು. ಕೊಡಚಾದ್ರಿ ಮಗ್ಗುಲಿನ ಹಿಡ್ಲುಮನೆ ಬುಡದಿಂದ ನೀರಿನ ಪಕ್ಕದಲ್ಲೇ ಹತ್ತೋದು.

ಪ್ರಶ್ನೆ: ಇಂಬಳಕ್ಕೆ ಏನು ಮಾಡೋದು? ಮೈ ಜುಮ್ ಅನ್ನತ್ತೆ. (ಹುಬ್ಬಳ್ಳಿಯಿಂದ ಒಬ್ಬರು ಗೃಹಿಣಿ)

ಅಕ್ಕಾ, ಮೊದಲು ಹೆದರಿಕೆ ಬಿಡಿ, ಇಂಬಳ, ಅಂದ್ರೆ ಕಾಡಿನ ಜಿಗಣೆ, ಕಚ್ಚಿ ಸತ್ತೋರನ್ನ ನಾನು ಕಂಡಿಲ್ಲ. ಅದರ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಅಂಶ ಇರೋದ್ರಿಂದ ಬಿಟ್ಟ ಮೇಲೂ ತುಂಬ ಹೊತ್ತು ರಕ್ತ ಜಿನುಗತ್ತೆ, ಬಿಳಿ ಸಾಕ್ಸ್ ಕೆಂಪಾಗಿರೋದು ನೋಡಿ ಜನ ಗಾಬರಿ ಬೀಳ್ತಾರೆ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದ್ರೆ ನಿಲ್ಲತ್ತೆ. ಎಳೆದು ಕೀಳಬೇಡಿ, ಬಾಯಿ ಇರೋ ಸಣ್ಣ ತುದಿಯ ಕೆಳಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ. ಮೊಣಕಾಲು ತನಕ ಬರೋ ಒತ್ತಾದ ಬಟ್ಟೆಯ ಲೀಚ್ ಸಾಕ್ಸ್ ಸಿಗತ್ತೆ, ಪ್ಯಾಂಟ್ ಅದರೊಳಗೆ ಸೇರಿಸಿ ಕಟ್ಟಿ. ಮಲೆನಾಡಿನವರು ಹೊಗೆಸೊಪ್ಪು ಸುಣ್ಣ ಕಲಸಿ ಕಾಲಿಗೆ ಹಚ್ಕೋತಾರೆ, ಉಪ್ಪಿನ ಗಂಟು ಕೋಲಿಗೆ ಕಟ್ಟಿ ಮುಟ್ಟಿಸ್ತಾರೆ, ಬೇವಿನ ಎಣ್ಣೆನೂ ಆಗತ್ತೆ ಆದ್ರೆ ಮಳೇಲಿ ತೊಳೆದು ಹೋಗತ್ತೆ, ಮತ್ತೆ ಮತ್ತೆ ಹಚ್ಚಬೇಕು. ದಾರಿ ಮಧ್ಯೆ ನಿಲ್ಲಬೇಡಿ, ಹುಲ್ಲಲ್ಲಿ ಕೂರಬೇಡಿ, ಬಂಡೆ ಸಿಕ್ಕಿದ ಕಡೆ ಮಾತ್ರ ನಿಂತು ಕಾಲು ನೋಡ್ಕೊಳ್ಳಿ. ಸಕ್ಕರೆ ಕಾಯಿಲೆಗೆ ಅಥವಾ ರಕ್ತ ತೆಳು ಮಾಡೋಕೆ ಮಾತ್ರೆ ತಗೋತಿದ್ರೆ ಮಾತ್ರ ಡಾಕ್ಟರನ್ನ ಕೇಳಿಯೇ ಬನ್ನಿ.

ಪ್ರಶ್ನೆ: ನನಗೆ 26. ಗೆಳತಿಯರು ಯಾರೂ ಬರ್ತಿಲ್ಲ, ಒಬ್ಬಳೇ ಒಂದು ಗುಂಪಿಗೆ ಸೇರ್ಕೊಂಡು ಹೋಗ್ಬೇಕು ಅಂತಿದೀನಿ. ಮನೇಲಿ ಬೇಡ ಅಂತಿದಾರೆ. ಟಾಯ್ಲೆಟ್, ಪೀರಿಯಡ್ಸ್ ಇದೆಲ್ಲ ಯಾರನ್ನ ಕೇಳೋದು ಗೊತ್ತಾಗ್ತಿಲ್ಲ. (ಮೈಸೂರಿಂದ)

ಇದನ್ನ ಕೇಳೋಕೆ ಸಂಕೋಚ ಪಡಬೇಡಿ ತಂಗಿ, ಆರ್ಗನೈಸರನ್ನೇ ನೇರವಾಗಿ ಕೇಳಿ, ಅವರು ಉತ್ತರ ಕೊಡೋ ರೀತಿಯಲ್ಲೇ ಅವರ ಹಣೆಬರಹ ಗೊತ್ತಾಗತ್ತೆ. ಮಹಿಳಾ ಲೀಡರ್ ಇದಾರಾ? ಇಲ್ಲ ಅಂದ್ರೆ ಗುಂಪಲ್ಲಿ ಎಷ್ಟು ಜನ ಹೆಂಗಸರು? ಹೋಂಸ್ಟೇಲಿ ಹೆಂಗಸರಿಗೆ ಬೇರೆ ರೂಮಾ, ಚಿಲಕ ಸರಿ ಇದೆಯಾ, ಬಚ್ಚಲು ಎಷ್ಟು? ನನ್ನ ಜತೆ ಲೀಡ್ ಮಾಡೋ ಹುಡುಗಿ ಹೇಳಿಕೊಟ್ಟಿದ್ದು ಇದು, ಬೆಳಿಗ್ಗೆ ಹೋಂಸ್ಟೇ ಬಿಟ್ರೆ ಸಂಜೆ ತನಕ ಟಾಯ್ಲೆಟ್ ಇಲ್ಲ ಅಂತ ನೀರು ಕುಡಿಯೋದೇ ಬಿಟ್ಟು ಮಧ್ಯಾಹ್ನ ತಲೆಸುತ್ತಿ ಕೂತೋರು ಬಹಳ ಜನ, ಹಾಗೆ ಮಾಡಬೇಡಿ. ಅವಳು ದಾರಿಯಲ್ಲಿ ಎರಡು ಕಡೆ ಹೆಂಗಸರಿಗೆ ಅಂತ ನಿಲ್ಲಿಸ್ತಾಳೆ, ಗಂಡಸರನ್ನ ಮುಂದೆ ಕಳಿಸಿ, ಹಳ್ಳದ ನೀರಿಂದ ದೂರ ಜಾಗ ನೋಡಿ, ಛತ್ರಿ ಹಿಡಿದು ಒಬ್ಬರಿಗೊಬ್ಬರು ಮರೆ ಮಾಡ್ಕೋತಾರೆ. ಪೀರಿಯಡ್ಸ್ ಇದ್ರೆ ಬರಬಾರದು ಅಂತೇನಿಲ್ಲ, ನಿಮ್ಮ ಮೈಗೆ ಆಗತ್ತೆ ಅನ್ಸಿದ್ರೆ ಬನ್ನಿ. ಕಪ್ ಅಭ್ಯಾಸ ಇದ್ರೆ ಸುಲಭ, ಪ್ಯಾಡ್ ಆದ್ರೆ ಪೇಪರಲ್ಲಿ ಸುತ್ತಿ ಜಿಪ್ ಕವರಲ್ಲಿ ಹಾಕಿ ವಾಪಸ್ ತನ್ನಿ, ಕಾಡಲ್ಲಿ ಹೂಳಬೇಡಿ, ಹಂದಿ ಅಗೆದು ಹೊರಗೆ ಹಾಕತ್ತೆ.

ಮನೆಯವರಿಗೆ ಗುಂಪಿನ ಹೆಸರು, ಲೀಡರ್ ನಂಬರ್, ಬಸ್ ನಂಬರ್, ಹೋಂಸ್ಟೇ ನಂಬರ್ ಎಲ್ಲ ಬರೆದು ಕೊಡಿ. ಅಮ್ಮನ ಕೈಲೇ ಲೀಡರ್‌ಗೆ ಫೋನ್ ಮಾಡಿಸಿ. ನಂಗೆ ಎಷ್ಟೋ ಅಮ್ಮಂದಿರು ಫೋನ್ ಮಾಡಿ ವಿಚಾರಿಸಿದಾರೆ, ಒಂದು ದಿನವೂ ಅದು ಕಿರಿಕಿರಿ ಅಂತ ಅನ್ಸಿಲ್ಲ.

ಪ್ರಶ್ನೆ: ನನಗೆ ಚೆನ್ನಾಗಿ ಈಜು ಬರತ್ತೆ, ಊರ ಕೆರೆಯಲ್ಲಿ ಈಜಿ ಬೆಳೆದೋನು. ಆದ್ರೂ ಜಲಪಾತದ ಗುಂಡಿಗೆ ಇಳಿಯೋಕೆ ಗೈಡ್ ಬಿಡಲಿಲ್ಲ. ಅಲ್ಲಿ ತನಕ ಹೋಗಿ ನೀರಿಗೆ ಇಳೀಲಿಲ್ಲ ಅಂದ್ರೆ ಹೋಗಿ ಏನು ಪ್ರಯೋಜನ? (ತುಮಕೂರಿಂದ ಒಬ್ಬ ವಿದ್ಯಾರ್ಥಿ)

ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರ ಕೊಡ್ತೀನಿ ತಮ್ಮ, ಯಾಕಂದ್ರೆ ಜಲಪಾತದಲ್ಲಿ ಜೀವ ಕಳ್ಕೊಂಡ ಹುಡುಗರಲ್ಲಿ ಈಜು ಬರೋರೂ ಇದಾರೆ, ಈಜು ಬರೋದ್ರಿಂದಲೇ ಧೈರ್ಯ ಮಾಡಿ ಇಳಿದೋರು.

ಕೆರೆ ನೀರು ನಿಂತ ನೀರು, ಅದು ನಿನ್ನನ್ನ ಎತ್ತಿ ಹಿಡಿಯತ್ತೆ. ಮೇಲಿಂದ ನೀರು ಬೀಳೋ ಜಾಗದಲ್ಲಿ ಬಿಳಿ ನೊರೆ ಕಾಣತ್ತಲ್ಲ, ಅದರಲ್ಲಿ ಗಾಳಿ ಗುಳ್ಳೆ ತುಂಬಿರತ್ತೆ, ಗಾಳಿ ತುಂಬಿದ ನೀರು ಹಗುರ, ನಿನ್ನ ಮೈನ ಹೊರಲ್ಲ. ಕೆರೆಯಲ್ಲಿ ತೇಲೋ ನೀನು ಅಲ್ಲಿ ಮುಳುಗ್ತೀಯ, ಕೈ ಬಡಿದ್ರೂ ಹಿಡಿತ ಸಿಗಲ್ಲ. ಎರಡನೇದು, ಬಿದ್ದ ನೀರು ತಳಕ್ಕೆ ಹೋಗಿ ಮುಂದೆ ಎದ್ದು, ಅದರಲ್ಲಿ ಒಂದು ಪಾಲು ಮೇಲ್ಗಡೆಯಿಂದ ಮತ್ತೆ ಬೀಳೋ ಜಾಗಕ್ಕೇ ವಾಪಸ್ ಬರತ್ತೆ. ಅದರಲ್ಲಿ ಸಿಕ್ಕಿದ ಮರದ ದಿಮ್ಮಿ ಅಲ್ಲೇ ತಿರುಗ್ತಾ ಇರೋದನ್ನ ನಾನೇ ನೋಡಿದೀನಿ, ಮುಂದೆ ಹೋಗತ್ತೆ, ಮತ್ತೆ ಬರತ್ತೆ, ಮುಳುಗತ್ತೆ, ಏಳತ್ತೆ. ಮನುಷ್ಯ ಸಿಕ್ಕಿದ್ರೂ ಅಷ್ಟೇ. ಮೂರನೇದು ನೀರಿನ ಕೆಳಗಿರೋ ಕಲ್ಲಿನ ಪೊಟರೆ, ವರ್ಷಾನುಗಟ್ಟಲೆ ಕಲ್ಲುಗುಂಡು ತಿರುಗಿ ತಿರುಗಿ ಬಂಡೆಯಲ್ಲಿ ಕೊರೆದ ಗುಂಡಿಗಳು, ಕಾಲು ಸಿಕ್ಕಿಕೊಂಡ್ರೆ ಬಿಡಿಸ್ಕೊಳ್ಳೋಕೆ ಬರಲ್ಲ. ಜತೆಗೆ ಮೇಲಿಂದ ನೀರು ಒಂದೇ ಬರಲ್ಲ, ಮಳೆಗಾಲದಲ್ಲಿ ಕಲ್ಲು, ಕೊಂಬೆ ಎಲ್ಲ ಬರ್ತವೆ, ಅದಕ್ಕೇ ಧಾರೆ ಕೆಳಗೆ ತಲೆ ಕೊಟ್ಟು ನಿಲ್ಲಬಾರದು ಅನ್ನೋದು.

ಅಲ್ಲಿ ಕೂಗಿದ್ರೂ ಕೇಳಲ್ಲ. ನೀರಿನ ಸದ್ದಿಗೆ ಹತ್ತು ಅಡಿ ಆಚೆ ಇರೋನಿಗೆ ನಿನ್ನ ದನಿ ಮುಟ್ಟಲ್ಲ. ನಾವು ಹೊರಡೋ ಮೊದಲೇ ಸೀಟಿ ಲೆಕ್ಕ ಹೇಳ್ಕೊಡ್ತೀವಿ, ಒಂದು ಊದಿದ್ರೆ ನಿಲ್ಲಿ, ಎರಡು ಊದಿದ್ರೆ ನನ್ನ ಹತ್ರ ಬನ್ನಿ, ಮೂರು ಊದಿದ್ರೆ ಅಪಾಯ, ಎಲ್ಲಿದೀರೋ ಅಲ್ಲಿಂದ ಮೇಲಕ್ಕೆ ಹತ್ತಿ. ನೀರು ಏರೋ ಸೂಚನೆ ಏನು ಅಂದ್ರೆ, ತಿಳಿ ನೀರು ಇದ್ದಕ್ಕಿದ್ದ ಹಾಗೆ ಕದಡತ್ತೆ, ತರಗೆಲೆ ಕಡ್ಡಿ ಜಾಸ್ತಿ ತೇಲಿ ಬರತ್ತೆ, ಸದ್ದು ದಪ್ಪ ಆಗತ್ತೆ. ಇಷ್ಟರಲ್ಲಿ ಯಾವುದು ಕಂಡ್ರೂ ಚಪ್ಪಲಿ ಬ್ಯಾಗು ಹುಡುಕ್ತಾ ನಿಲ್ಲಬಾರದು.

2023ರ ಜುಲೈಯಲ್ಲಿ ಕೊಲ್ಲೂರು ಹತ್ರ ಅರಿಶಿನಗುಂಡಿಯಲ್ಲಿ ಬಂಡೆ ಮೇಲೆ ನಿಂತು ವಿಡಿಯೋ ಮಾಡಿಸ್ಕೊಳ್ತಿದ್ದ ಹುಡುಗ ಜಾರಿ ಹೋಗಿದ್ದು ನಾಡಿನ ತುಂಬ ಮೊಬೈಲಲ್ಲಿ ಓಡಾಡ್ತು. ಅವನು ನೀರಿಗೆ ಇಳಿದೋನೂ ಅಲ್ಲ, ಬರೀ ನಿಂತಿದ್ದ. ದೇಹ ಸಿಗೋಕೆ ದಿನಗಟ್ಟಲೆ ಹಿಡೀತು. ಆ ವಿಡಿಯೋ ನಾನು ಎರಡನೇ ಸಲ ನೋಡಿಲ್ಲ, ನೋಡೋಕಾಗಲ್ಲ.

ಪ್ರಯೋಜನ ಏನು ಅಂತ ಕೇಳಿದೀಯ. ನೀರಿಗೆ ಇಳೀಲೇಬೇಕು ಅಂದ್ರೆ ಮಳೆ ಪೂರ್ತಿ ನಿಂತ ಮೇಲೆ ಡಿಸೆಂಬರ್ ಜನವರಿಯಲ್ಲಿ ಬಾ, ಧಾರೆಯಿಂದ ದೂರ, ತಳ ಕಾಣೋ ಕಡೆ, ಊರವರು ಹೇಳಿದ ಜಾಗದಲ್ಲಿ ಮೊಣಕಾಲು ಮಟ್ಟ ಇಳಿ. ಮಳೆಗಾಲದಲ್ಲಿ ಬಂದ್ರೆ ಎದುರು ಬಂಡೆ ಮೇಲೆ ಒಂದು ಗಂಟೆ ಕೂತ್ಕೋ. ತುಂತುರಿಗೇ ಮೈ ಪೂರ್ತಿ ನೆನೆಯತ್ತೆ, ಎದೆಯೊಳಗೆ ಆ ಸದ್ದು ಗುಡುಗಿದ ಹಾಗೆ ಆಗತ್ತೆ. ಮನೆಗೆ ಬಂದು ಮಲಗಿದ ಮೇಲೂ ಆ ಸದ್ದು ಕಿವಿಯಲ್ಲಿರತ್ತೆ.

ಪ್ರಶ್ನೆ: ನಮ್ಮದು ಘಟ್ಟದ ಬುಡದಲ್ಲಿ ಅಡಿಕೆ ತೋಟ, ಮನೆ. ಮೇಲೆ ಒಂದು ಅಬ್ಬಿ ಇದೆ. ವಾರ ವಾರ ಟ್ರೆಕ್ಕಿಂಗ್‌ನವರು ಬಂದು ನೀರಲ್ಲಿ ಶಾಂಪೂ ಹಾಕಿ ಸ್ನಾನ ಮಾಡ್ತಾರೆ. ನಾವು ಕುಡಿಯೋದು ಅದೇ ನೀರು. ಹೇಳಿದ್ರೆ ಜಗಳಕ್ಕೆ ಬರ್ತಾರೆ. ನಿಮ್ಮಂಥ ಗೈಡ್‌ಗಳು ಏನು ಮಾಡ್ತಿದೀರಿ? (ತೀರ್ಥಹಳ್ಳಿ ಕಡೆಯಿಂದ)

ನೀವು ಸಿಟ್ಟು ಮಾಡೋದು ನ್ಯಾಯವೇ. ಈ ಪತ್ರ ಓದಿ ಎರಡು ದಿನ ಉತ್ತರ ಬರೆಯೋಕಾಗ್ಲಿಲ್ಲ ನನಗೆ.

ಪೇಟೆಯವರಿಗೆ ಗೊತ್ತಾಗಲಿ ಅಂತ ಹೇಳ್ತೀನಿ. ಮಲೆನಾಡಿನ ಎಷ್ಟೋ ಮನೆಗಳಿಗೆ ಬಾವಿ, ಬೋರು, ನಲ್ಲಿ ಯಾವುದೂ ಅಲ್ಲ, ಅಬ್ಬಿ ನೀರೇ ಆಧಾರ. ಗುಡ್ಡದ ಮೇಲಿನ ಹಳ್ಳಕ್ಕೆ ಸಣ್ಣ ಕಟ್ಟೆ ಕಟ್ಟಿ, ಮೊದಲೆಲ್ಲ ಅಡಿಕೆ ಮರ ಸೀಳಿ ದಂಬೆ ಮಾಡಿ, ಈಗ ಕಪ್ಪು ಪೈಪ್ ಹಾಕಿ, ಕರೆಂಟೇ ಬೇಡದೆ ಇಳಿಜಾರಿಗೆ ನೀರು ಹಿತ್ತಲಿಗೆ ಬಂದು ಹಗಲು ರಾತ್ರಿ ಬೀಳ್ತಿರತ್ತೆ. ಅದೇ ಕುಡಿಯೋಕೆ, ಅದೇ ಅಡುಗೆಗೆ, ಅದೇ ದನಕ್ಕೆ, ಮಿಕ್ಕಿದ್ದು ತೋಟಕ್ಕೆ. ನೀವು ಫೋಟೋ ತೆಗೆಯೋ ಜಲಪಾತ ಇನ್ನೊಬ್ಬರ ಮನೆ ಬಚ್ಚಲಿನ ಹಂಡೆಗೆ, ಒಲೆ ಮೇಲಿನ ಪಾತ್ರೆಗೆ ಹೋಗೋ ನೀರು. ಅದರಲ್ಲಿ ಶಾಂಪೂ ಹಾಕೋದು ಅಂದ್ರೆ ಅವರ ನೀರಿನ ಟ್ಯಾಂಕಿಗೆ ಶಾಂಪೂ ಹಾಕಿದ ಹಾಗೆ.

ನಾನು ಮಾಡೋದು ಹೇಳ್ತೀನಿ. ಟ್ರೆಕ್ ಶುರು ಆಗೋ ಮೊದಲು ಆ ಊರಿನ ಒಂದು ಮನೆಯ ಹಿತ್ತಲಿಗೆ ಎಲ್ಲರನ್ನೂ ಕರ್ಕೊಂಡು ಹೋಗಿ, ಪೈಪಿಂದ ಬೀಳೋ ನೀರನ್ನ ಕೈಯಲ್ಲಿ ಹಿಡಿದು ಕುಡಿಸ್ತೀನಿ, ಆಮೇಲೆ ಇದು ಬರ್ತಿರೋದು ನಾವು ಈಗ ಹೋಗೋ ಜಾಗದಿಂದ ಅಂತ ಹೇಳ್ತೀನಿ. ಅದಾದ ಮೇಲೆ ನನ್ನ ಗುಂಪಲ್ಲಿ ಯಾರೂ ಸೋಪು ತೆಗೆದಿಲ್ಲ. ಬ್ಯಾಗಲ್ಲಿ ಸೋಪು, ಶಾಂಪೂ, ಚಿಪ್ಸ್ ಪ್ಯಾಕೆಟ್ ಇದ್ರೆ ಬಸ್ಸಲ್ಲೇ ಬಿಡಿಸ್ತೀನಿ, ಊಟ ಊರಿನ ಮನೆಯಲ್ಲೇ, ಬಾಳೆಲೆಯಲ್ಲಿ. ನೀವು ಒಬ್ಬೊಬ್ಬರೇ ಹೋಗಿ ಜಗಳ ಆಡಬೇಡಿ, ಗ್ರಾಮ ಪಂಚಾಯ್ತಿಗೆ ಊರವರೆಲ್ಲ ಸಹಿ ಹಾಕಿ ಅರ್ಜಿ ಕೊಡಿ, ಕುಡಿಯೋ ನೀರಿನ ಮೂಲ ಅಂತ ಬೋರ್ಡ್ ಹಾಕಿಸಿ, ಅರಣ್ಯದ ಜಾಗ ಆದ್ರೆ ವಲಯ ಅರಣ್ಯಾಧಿಕಾರಿಗೂ ಒಂದು ಪ್ರತಿ ಕೊಡಿ. ಊರಿನ ಗೈಡ್ ಇಲ್ಲದೆ ಮೇಲೆ ಬಿಡಬಾರದು ಅಂತ ಕೇಳಿ. ಆಗ ನಿಮ್ಮೂರಿನ ಹುಡುಗರಿಗೂ ಮಳೆಗಾಲದಲ್ಲಿ ನಾಲ್ಕು ಕಾಸು ಆಗತ್ತೆ.

ಪ್ರಶ್ನೆ: ದೂಧ್‌ಸಾಗರಕ್ಕೆ ರೈಲು ಹಳಿ ಮೇಲೆ ನಡ್ಕೊಂಡು ಹೋಗೋ ಟ್ರೆಕ್ ಈಗಲೂ ಇದೆಯಾ? ಒಬ್ಬರು ಕರ್ಕೊಂಡು ಹೋಗ್ತೀವಿ ಅಂತಿದಾರೆ. (ಬೆಳಗಾವಿಯಿಂದ)

ಹೋಗಬೇಡಿ. ಹಳಿ ಮೇಲೆ ನಡೆಯೋದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. 2023ರ ಜುಲೈಯಲ್ಲಿ ಹಾಗೆ ಹೋದ ನೂರಾರು ಜನರನ್ನ ತಡೆದು ವಾಪಸ್ ಕಳಿಸಿದ್ರು, ಹುಡುಗರ ಕೈಲಿ ಬಸ್ಕಿ ಹೊಡೆಸಿದ ವಿಡಿಯೋನೂ ಬಂತು. ಕ್ಯಾಸಲ್‌ರಾಕ್‌ನಿಂದ ಕೆಳಗೆ ಸುರಂಗಗಳು, ಒಂದು ಕಡೆ ಬಂಡೆ ಇನ್ನೊಂದು ಕಡೆ ಕಂದಕ, ರೈಲು ಬಂದ್ರೆ ಸರಿಯೋಕೆ ಜಾಗ ಇರಲ್ಲ. ಮಳೆಗಾಲ ಮುಗಿದ ಮೇಲೆ ಗೋವಾದ ಕುಳೇಮಿನಿಂದ ಜೀಪಲ್ಲಿ ಬುಡಕ್ಕೆ ಹೋಗಬಹುದು. ಮಳೆಗಾಲದಲ್ಲೇ ನೋಡ್ಬೇಕು ಅಂದ್ರೆ ಆ ದಾರಿಯ ರೈಲಲ್ಲಿ ಕೂತು ಕಿಟಕಿಯಿಂದ ನೋಡಿ, ಹಳಿ ಜಲಪಾತದ ನಡುವಲ್ಲೇ ಹಾದು ಹೋಗತ್ತೆ, 310 ಮೀಟರಿನ ನೀರು ಅಷ್ಟು ಹತ್ತಿರದಿಂದ ಕಾಣತ್ತೆ.

ಪ್ರಶ್ನೆ: ಅಮ್ಮನಿಗೆ 66, ಮಂಡಿ ನೋವು, ಆದ್ರೂ ಜಲಪಾತ ನೋಡೋ ಆಸೆ. ಗುಂಪಿನ ಜತೆ ಕರ್ಕೊಂಡು ಹೋಗಬಹುದಾ? (ದಾವಣಗೆರೆಯಿಂದ)

ಖಂಡಿತ ಕರ್ಕೊಂಡು ಹೋಗಿ, ಆದ್ರೆ ಟ್ರೆಕ್ ಗುಂಪಲ್ಲಿ ಬೇಡ, ಹಿಂದೆ ಬಿದ್ದೆ ಅಂತ ಅವರಿಗೆ ಮನಸ್ಸಿಗೆ ಬೇಜಾರಾಗತ್ತೆ. ಜೋಗ ಗಾಡಿಯಿಂದ ಇಳಿದು ಸ್ವಲ್ಪ ನಡೆದ್ರೆ ಎದುರಿಗೇ ಕಾಣತ್ತೆ, ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ, 830 ಅಡಿ. ಯಲ್ಲಾಪುರ ಕಡೆ ಮಾಗೋಡು ಕೂಡ ವ್ಯೂ ಪಾಯಿಂಟಿಂದ ನೋಡೋದೇ, ಬೇಡ್ತಿ ನದಿ ಎರಡು ಹಂತದಲ್ಲಿ ಧುಮುಕತ್ತೆ. ಉಂಚಳ್ಳಿಗೆ ಮೆಟ್ಟಿಲು ಇಳಿಬೇಕು, ಇಳಿಯೋದಕ್ಕಿಂತ ವಾಪಸ್ ಹತ್ತೋದು ಮಂಡಿಗೆ ಕಷ್ಟ. ಮಧ್ಯಾಹ್ನ ಮಂಜು ಮುಚ್ಚಿದ್ರೆ ಓಡಿ ಬರಬೇಡಿ, ಅಲ್ಲೇ ಒಂದು ಟೀ ಕುಡೀರಿ, ಸರಿಯತ್ತೆ.

ಪ್ರಶ್ನೆ: ಮಳೆಗಾಲದಲ್ಲಿ ಭಯ, ಅದಕ್ಕೇ ಜನವರಿಯಲ್ಲಿ ಹೋಗೋಣ ಅಂತಿದೀವಿ. ಆಗ ಏನೂ ತೊಂದ್ರೆ ಇಲ್ವಲ್ಲ? (ಚಿತ್ರದುರ್ಗದಿಂದ)

ನೀರಿನ ಭಯ ಕಮ್ಮಿ, ಬೇರೆ ಎರಡು ನೆನಪಿರಲಿ. ಒಂದು ಹೆಜ್ಜೇನು. ಮಳೆ ಮುಗಿದ ಮೇಲೆ ಜಲಪಾತದ ಪಕ್ಕದ ಬಂಡೆ ಗೋಡೆಗಳಲ್ಲಿ ಹೆಜ್ಜೇನು ಬಂದು ಕಟ್ತವೆ, ಅಲ್ಲಿ ಹೊಗೆ, ಗಟ್ಟಿ ಸೆಂಟ್, ಕೂಗಾಟ, ಡ್ರೋನ್ ಏನೂ ಬೇಡ. ಎದ್ರೆ ಕೈ ಬೀಸ್ತಾ ನಿಲ್ಲದೆ ಮುಖ ಮುಚ್ಕೊಂಡು ದೂರ ಓಡಬೇಕು. ಎರಡನೇದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ್ದು, ಉಣುಗು ಅನ್ನೋ ಸಣ್ಣ ಹುಳ ಕಚ್ಚೋದ್ರಿಂದ ಬರೋದು, ಡಿಸೆಂಬರಿಂದ ಮೇ ತನಕ ಜಾಸ್ತಿ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೋಗೋರು ತುಂಬು ತೋಳಿನ ಅಂಗಿ ಹಾಕಿ, ತರಗೆಲೆ ಮೇಲೆ ಕೂರಬೇಡಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡೋ ಡೇಪಾ ಎಣ್ಣೆ ಸಿಕ್ಕಿದ್ರೆ ಹಚ್ಕೊಳ್ಳಿ. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಊರವರಿಗೆ ತಿಳಿಸಿ. ಬಂದ ಮೇಲೆ ಬಿಸಿ ನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೀರಿ. ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಡಾಕ್ಟರ್ ಹತ್ರ "ನಾನು ಕಾಡಿಗೆ ಹೋಗಿದ್ದೆ" ಅಂತ ಮೊದಲು ಹೇಳಿ.

ಪ್ರಶ್ನೆ: ರೆಡ್ ಅಲರ್ಟ್ ಅಂತ ಹಿಂದಿನ ದಿನ ಟ್ರೆಕ್ ಕ್ಯಾನ್ಸಲ್ ಮಾಡಿದ್ರು, ದುಡ್ಡು ಅರ್ಧ ಮಾತ್ರ ವಾಪಸ್. ನಾವು ಜಗಳ ಆಡಬೇಕಾ? (ಬೆಂಗಳೂರಿಂದ)

ರೆಡ್ ಅಲರ್ಟ್ ಅಂದ್ರೆ ಸುಮ್ನೆ ಅಲ್ಲ, ಒಂದು ದಿನದಲ್ಲಿ 204 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರಬಹುದು ಅಂತ ಹವಾಮಾನ ಇಲಾಖೆ ಹೇಳೋದು. ಅಂಥ ದಿನ ಕ್ಯಾನ್ಸಲ್ ಮಾಡಿದೋರು ಒಳ್ಳೆ ಕೆಲಸ ಮಾಡಿದಾರೆ. ಹೋಂಸ್ಟೇ ಮನೆಯವರು ಅಕ್ಕಿ ತರಕಾರಿ ತಂದಿಟ್ಟಿರ್ತಾರೆ, ಬಸ್ಸಿಗೆ ಅಡ್ವಾನ್ಸ್ ಹೋಗಿರತ್ತೆ, ಪೂರ್ತಿ ವಾಪಸ್ ಕೊಡೋದು ಅವರಿಗೂ ಕಷ್ಟ. ಆದ್ರೆ ಕಟ್ಟೋ ಮುಂಚೆಯೇ ಎಷ್ಟು ವಾಪಸ್ ಅಂತ ಬರೆದು ಕೊಟ್ಟಿರಬೇಕು, ಇಲ್ಲ ಅಂದ್ರೆ ಕೇಳೋದು ನಿಮ್ಮ ಹಕ್ಕು. ಅದೇ ದುಡ್ಡಲ್ಲಿ ಅಕ್ಟೋಬರ್ ಟ್ರೆಕ್‌ಗೆ ಸೀಟು ಕೊಡ್ತಾರಾ ಕೇಳಿ ನೋಡಿ, ನಾನು ಹಾಗೇ ಮಾಡೋದು. ದುಡ್ಡು ವಾಪಸ್ ಕೊಡೋಕಾಗಲ್ಲ ಅಂತ ರೆಡ್ ಅಲರ್ಟಲ್ಲೂ ಬಸ್ ಹೊರಡಿಸೋರು ಇದಾರೆ, ಅವರ ಜತೆ ಜಗಳ ಆಡಿ.

ಪ್ರಶ್ನೆ: ನೀರಿಗೆ ಬಣ್ಣ ಇಲ್ಲ ಅಂತ ಮಿಸ್ ಹೇಳ್ತಾರೆ. ಮತ್ತೆ ಜಲಪಾತ ಯಾಕೆ ಬೆಳ್ಳಗಿದೆ? ಬೇಸಿಗೇಲಿ ಜೋಗ ಯಾಕೆ ಸಣ್ಣ ಆಗತ್ತೆ? (5ನೇ ಕ್ಲಾಸ್, ಸಾಗರದಿಂದ)

ಪುಟ್ಟಾ, ನಿಮ್ಮನೇಲಿ ಬಟ್ಟೆ ಸೋಪು ನೀಲಿ ಇರತ್ತಲ್ಲ, ಅದರ ನೊರೆ ಯಾವ ಬಣ್ಣ ನೋಡು. ಬಿಳಿ! ನೀರು ಬೀಳೋವಾಗ ಒಡೆದು ಲಕ್ಷ ಲಕ್ಷ ಹನಿ ಆಗತ್ತೆ, ಗಾಳಿ ಗುಳ್ಳೆ ತುಂಬ್ಕೊಳ್ಳತ್ತೆ, ಒಂದೊಂದು ಹನಿನೂ ಬೆಳಕನ್ನ ಎಲ್ಲಾ ದಿಕ್ಕಿಗೂ ಚೆಲ್ಲತ್ತೆ. ಎಲ್ಲಾ ಬಣ್ಣನೂ ಒಟ್ಟಿಗೆ ಕಣ್ಣಿಗೆ ಬಂದ್ರೆ ನಮಗೆ ಬಿಳಿ ಕಾಣೋದು. ಮಳೆಗಾಲ ಶುರುವಾದಾಗ ಮಾತ್ರ ಮಣ್ಣು ಸೇರಿ ಕೆಂಪು ಟೀ ತರ ಇರತ್ತೆ. ಇನ್ನು ಜೋಗ ಸಣ್ಣ ಆಗೋದು ಯಾಕೆ ಅಂದ್ರೆ, ಮೇಲ್ಗಡೆ ಲಿಂಗನಮಕ್ಕಿ ಡ್ಯಾಮ್ ಇದೆ, 1964ರಲ್ಲಿ ಕಟ್ಟಿದ್ದು, ಶರಾವತಿ ನೀರನ್ನ ಅಲ್ಲಿ ನಿಲ್ಲಿಸಿ ಕರೆಂಟ್ ಮಾಡೋಕೆ ಕಳಿಸ್ತಾರೆ.

ನೀನು ಸಾಗರದಲ್ಲೇ ಇದೀಯಲ್ಲ, ಈ ಸಲ ಅಪ್ಪ ಅಮ್ಮನ ಜತೆ ಜೋಗಕ್ಕೆ ಹೋದಾಗ ಸೂರ್ಯ ನಿನ್ನ ಬೆನ್ನ ಹಿಂದೆ ಇರೋ ಹಾಗೆ ನಿಂತು, ಕಂಬಿ ಹಿಡ್ಕೊಂಡು, ಕೆಳಗೆ ತುಂತುರು ಏಳೋ ಕಡೆ ನೋಡು. ಬಿಸಿಲಿದ್ರೆ ಕಾಮನಬಿಲ್ಲು ಕಾಣತ್ತೆ. ಎಷ್ಟು ಗಂಟೆಗೆ ಕಾಣಿಸ್ತು ಅಂತ ನಂಗೆ ಬರೆದು ಕಳಿಸು.